ಮೈಕಿನಲ್ಲಿ ಹೆಸರು ಕೂಗಿ ನೋಟ್‌ಬುಕ್ ಹಂಚುವುದನ್ನು ಈ ಜೂನ್‌ನಿಂದ ನಿಲ್ಲಿಸೋಣವೇ?

ಮುಲುಂಡ್, ಸಮಿತಿ ಕಾರ್ಯಕರ್ತೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮುಂಬಯಿಯಲ್ಲಿ ನಮ್ಮ ಸಮಿತಿಯವರು ಪ್ರತಿ ವರ್ಷ ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಒಂದು ಭಾನುವಾರ ಮಕ್ಕಳಿಗೆ ನೋಟ್‌ಬುಕ್, ಬ್ಯಾಗು ಹಂಚುತ್ತೇವೆ. ಹನ್ನೊಂದು ವರ್ಷದಿಂದ ಪಟ್ಟಿ ಮಾಡುವುದು, ಮೈಕಿನಲ್ಲಿ ಹೆಸರು ಕರೆಯುವುದು ಎರಡೂ ನನ್ನ ಕೆಲಸ. ಹೋದ ವರ್ಷ ನಡೆದ ಒಂದು ಸಂಗತಿ ಮನಸ್ಸಿನಿಂದ ಹೋಗುತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ವೇದಿಕೆಯ ಹಿಂದೆ ದೊಡ್ಡ ಬ್ಯಾನರು ಕಟ್ಟಿದ್ದೆವು. ‘ಬಡ ವಿದ್ಯಾರ್ಥಿಗಳಿಗೆ ಶೈಕ್ಷಣಿಕ ನೆರವು’ ಅಂತ ದೊಡ್ಡ ಅಕ್ಷರ. ಏಳನೇ ತರಗತಿಯ ಒಬ್ಬ ಹುಡುಗಿಯ ಹೆಸರು ಕರೆದೆ. ಬರಲಿಲ್ಲ. ಮೂರು ಸಲ ಕರೆದೆ. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ‘ತಂದೆ ಇಲ್ಲ’ ಎಂದು ಬರೆದುಕೊಂಡಿದ್ದೆ. ಮೂರನೇ ಸಲ ಕರೆಯುವಾಗ, ಅದೇ ಹೆಸರಿನ ಇನ್ನೊಬ್ಬಳು ಎದ್ದು ಬಂದಾಳು ಎಂದು, ಅದನ್ನೂ ಓದಿಬಿಟ್ಟೆ. ಕಾರ್ಯಕ್ರಮ ಮುಗಿದು ಕುರ್ಚಿ ಮಡಚುವ ಹೊತ್ತಿಗೆ ಸಭಾಗೃಹದ ಹಿಂದಿನ ನೀರಿನ ಡ್ರಮ್ಮಿನ ಪಕ್ಕ ಅವಳು ನಿಂತಿದ್ದಳು. ‘ಯಾಕಮ್ಮ ಬರಲಿಲ್ಲ?’ ಎಂದೆ. ‘ಮ್ಯಾಡಂ, ನಮ್ಮ ಕ್ಲಾಸಿನವರು ಡ್ಯಾನ್ಸಿಗೆ ಬಂದಿದ್ದಾರೆ’ ಎಂದಳು. ಅಷ್ಟೇ.

ಹೌದು, ಅದೇ ವೇದಿಕೆಯಲ್ಲಿ ಸಾಂಸ್ಕೃತಿಕ ಕಾರ್ಯಕ್ರಮವೂ ಇತ್ತು. ಅವಳ ಜೊತೆ ಬೆಂಚಿನಲ್ಲಿ ಕೂರುವ ಹುಡುಗಿಯರು ಗೆಜ್ಜೆ ಕಟ್ಟಿಕೊಂಡು ಸೈಡ್‌ವಿಂಗ್‌ನಲ್ಲಿ ನಿಂತಿದ್ದರು. ಹನ್ನೊಂದು ವರ್ಷ ನಾನು ಮಕ್ಕಳ ಹೆಸರು ಕರೆದದ್ದು ಯಾರ ಎದುರಿಗೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಈ ಸಲ ಬೇರೆ ರೀತಿ ಮಾಡಬೇಕು ಅಂದುಕೊಂಡಿದ್ದೇನೆ. ಸಮಿತಿಯಲ್ಲಿ ಕೆಲವರು ‘ಫೋಟೋ ಇಲ್ಲದಿದ್ದರೆ ದಾನಿಗಳು ಮುಂದಿನ ವರ್ಷ ಬರುವುದಿಲ್ಲ’ ಎನ್ನುತ್ತಾರೆ. ಶಾಲೆಯ ಮೂಲಕ ಈ ಕೆಲಸ ಮಾಡಿದ ಅನುಭವ ಇರುವವರು ದಯವಿಟ್ಟು ಹೇಳಿ.

ವಡಾಲಾ, ಹೈಸ್ಕೂಲ್ ಟೀಚರ್

ಅಕ್ಕ, ನೀವು ಬರೆದದ್ದು ಓದಿ ನನಗೆ ನಮ್ಮ ಶಾಲೆಯ ಎಷ್ಟೋ ಮಕ್ಕಳ ಮುಖ ಕಣ್ಣ ಮುಂದೆ ಬಂತು. ಮೊದಲು ಪಾಲಿಕೆಯ ಕನ್ನಡ ಶಾಲೆಯಲ್ಲಿದ್ದೆ, ಈಗ ಅನುದಾನಿತ ಹೈಸ್ಕೂಲಿನಲ್ಲಿದ್ದೇನೆ. ಎರಡೂ ಕಡೆ ನೋಡಿದ್ದರಿಂದ ಒಂದು ಮಾತು ಹೇಳುತ್ತೇನೆ: ಹೇಗೆ ಕೊಡುವುದು ಎನ್ನುವುದಕ್ಕಿಂತ ಮೊದಲು, ಏನು ಕೊಡುತ್ತಿದ್ದೇವೆ, ಯಾವ ವಯಸ್ಸಿನವರಿಗೆ ಕೊಡುತ್ತಿದ್ದೇವೆ ನೋಡಿ.

ಮುಂಬಯಿ ಮಹಾನಗರ ಪಾಲಿಕೆ ತನ್ನ ಶಾಲೆಗಳ ಮಕ್ಕಳಿಗೆ 27 ಬಗೆಯ ಸಾಮಾನು ಉಚಿತವಾಗಿ ಕೊಡುತ್ತದೆ. ಸಮವಸ್ತ್ರ, ಬೂಟು, ದಪ್ತರ (ಶಾಲೆಯ ಬ್ಯಾಗು), ವಹಿ (ನೋಟ್‌ಬುಕ್) ಎಲ್ಲ ಅದರಲ್ಲಿ ಬರುತ್ತವೆ. ಕೆಲವು ವರ್ಷ ತಡವಾಗುತ್ತದೆ, ಆದರೆ ಬರುತ್ತದೆ. ಅದೇ ಮಕ್ಕಳಿಗೆ ನಮ್ಮ ಸಂಘಗಳು ಮತ್ತೆ ನೋಟ್‌ಬುಕ್ಕೇ ಕೊಡುತ್ತವೆ. ಒಂದನೇ ಎರಡನೇ ತರಗತಿಯ ಮಕ್ಕಳು ಮುದ್ದಾಗಿ ಕಾಣುತ್ತಾರೆ, ಫೋಟೋ ಚೆನ್ನಾಗಿ ಬರುತ್ತದೆ. ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಖಾತರಿ ಇರುವುದು 6ರಿಂದ 14 ವರ್ಷದವರಿಗೆ, ಅಂದರೆ ಎಂಟನೇ ತರಗತಿವರೆಗೆ. ಒಂಬತ್ತು, ಹತ್ತಕ್ಕೆ ಬರುವ ಹೊತ್ತಿಗೆ ಮಗುವಿನ ಮೀಸೆ ಚಿಗುರಿರುತ್ತದೆ, ಮುಖದಲ್ಲಿ ಮೊಡವೆ ಎದ್ದಿರುತ್ತದೆ, ದಾನಿಗಳು ಯಾರೂ ಇರುವುದಿಲ್ಲ. ಖರ್ಚು ಬರುವುದೇ ಆಗ. ಬಸ್ಸು, ರೈಲ್ವೆ ಪಾಸು, ಬೋರ್ಡ್ ಪರೀಕ್ಷೆಯ ಶುಲ್ಕ, ಗಣಿತಕ್ಕೆ ಒಂದು ಕ್ಲಾಸು. ನನ್ನ ಕಣ್ಣೆದುರಿಗೆ ಶಾಲೆ ಬಿಟ್ಟ ಮಕ್ಕಳಲ್ಲಿ ವಹಿ ಇಲ್ಲ ಎಂದು ಬಿಟ್ಟವರು ಒಬ್ಬರೂ ಇಲ್ಲ.

ಕೊಡುವ ರೀತಿಗೆ ನಾವು ಮಾಡಿದ್ದು ಇಷ್ಟೇ. ಸ್ಟಾಫ್‌ರೂಮಿನ ಹೊರಗೆ ಒಂದು ಕಪಾಟು ಇಟ್ಟೆವು, ಬೀಗ ಇಲ್ಲ. ವಹಿ, ಪೆನ್ನು, ಕಂಪಾಸ್, ಸಾಕ್ಸು. ಹುಡುಗಿಯರ ಶೌಚಾಲಯದ ಹತ್ತಿರ ಇನ್ನೊಂದು ಚಿಕ್ಕ ಕಪಾಟು, ಪ್ಯಾಡಿಗೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಕಾರಿನಲ್ಲಿ ಬರುವ ಮಗುವೂ. ಹೆಸರು ಬರೆಯುವುದಿಲ್ಲ, ಶನಿವಾರ ಎಷ್ಟು ಉಳಿಯಿತು ಎಂದು ಎಣಿಸುತ್ತೇವೆ. ಮೊದಲ ವಾರದಲ್ಲೇ ಕಪಾಟು ಬರಿದಾಯಿತು. ‘ನೋಡಿ, ಹೇಳಿರಲಿಲ್ಲವೇ’ ಎಂದರು ಎಲ್ಲರೂ. ಮತ್ತೆ ತುಂಬಿಸಿದೆವು. ಮೂರನೇ ತಿಂಗಳ ಹೊತ್ತಿಗೆ ಅದು ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಮಕ್ಕಳಿಗೆ ಖಾತ್ರಿಯಾಯಿತು. ಆಮೇಲೆ ಬೇಕಾದಷ್ಟೇ ತೆಗೆದುಕೊಂಡರು.

ಫೋರ್ಟ್, ಹೋಟೆಲ್ ನಡೆಸುವವ

ನನ್ನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ, ಆದರೂ ಹೇಳುತ್ತೇನೆ. ನಾನು ಉಡುಪಿ ಕಡೆಯವ, ಹನ್ನೆರಡನೇ ವರ್ಷಕ್ಕೆ ಬೊಂಬಾಯಿಗೆ ಬಂದೆ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸುವುದು, ಸಂಜೆ ರಾತ್ರಿಶಾಲೆ. ನಮ್ಮೂರ ಎಷ್ಟೋ ಮಂದಿ ಹೀಗೇ ಓದಿದ್ದು. ಎಸ್‌ಎಸ್‌ಸಿಯಲ್ಲಿ ಒಳ್ಳೆ ಅಂಕ ಬಂತೆಂದು ಸಂಘದವರು ವೇದಿಕೆಗೆ ಕರೆದು ವಿದ್ಯಾರ್ಥಿ ವೇತನ ಕೊಟ್ಟರು. ಆ ಫೋಟೋ ಇವತ್ತಿಗೂ ನನ್ನ ಗಲ್ಲಾದ ಹಿಂದೆ ಇದೆ. ನನಗೆ ನಾಚಿಕೆ ಆಗಲಿಲ್ಲ, ಹೆಮ್ಮೆಯೇ ಆಯಿತು. ಇಷ್ಟು ಸೂಕ್ಷ್ಮ ನೋಡುತ್ತಾ ಕೂತರೆ ಕೊಡುವ ಕೈಯೇ ಹಿಂದೆ ಸರಿದೀತು. ಈಗ ನಾನು ವರ್ಷಕ್ಕೆ 20 ಮಕ್ಕಳಿಗೆ ಕೊಡುತ್ತೇನೆ. ಅವರ ಮುಖ ನೋಡಬೇಕು ಅನ್ನುವ ಆಸೆ ತಪ್ಪೇ?

ಧಾರಾವಿ, ಈಗ ಠಾಣೆ

ಅಣ್ಣಾರ, ತಪ್ಪಲ್ಲ. ಖರೇ ಹೇಳ್ರಿ, ನಿಮ್ಮನ್ನ ವೇದಿಕಿಗೆ ಕರದದ್ದು ಮಾರ್ಕ್ಸ್ ಬಂದಾವ ಅಂತ. ನನ್ನ ಕರದದ್ದು ನಮ್ಮಪ್ಪನ ಹತ್ರ ರೊಕ್ಕ ಇಲ್ಲ ಅಂತ. ಎರಡೂ ಒಂದs ವೇದಿಕಿ, ಒಂದs ಶಾಲು-ಹಾರ, ಆದ್ರ ಕೆಳಗ ಕುಂತ ಮಂದಿಗೆ ಫರಕ ಗೊತ್ತಾಗ್ತದ. ಹುಡುಗ್ರಿಗಂತೂ ಭಾಳ ಬ್ಯಾಗ ಗೊತ್ತಾಗ್ತದ.

ನಾವು ಕಲಬುರ್ಗಿ ಕಡೆಯವ್ರು. ನಮ್ಮಪ್ಪ ದಿನಾ ಮುಂಜಾನೆ ಕೂಲಿ ಮಂದಿ ನಿಲ್ಲೋ ನಾಕಾದಾಗ ನಿಂತು ಬಿಗಾರಿ ಕೆಲಸಕ್ಕ ಹೋಗಾಂವ. ನಾ ಐದನೇತ್ತ ಇದ್ದಾಗ ಒಂದು ಮಂಡಳದವ್ರು ದಪ್ತರ ಕೊಟ್ಟಿದ್ರು. ಚಲೋ ದಪ್ತರ, ಗಟ್ಟಿ ಇತ್ತು. ಆದ್ರ ಹಿಂದ ಪೂರಾ ಕೊಟ್ಟವ್ರ ಹೆಸರು, ಅವ್ರ ಅಂಗಡಿ ಹೆಸರು, ಕೆಳಗ ‘ಗರೀಬ ಮಕ್ಕಳ ಸಹಾಯಾರ್ಥ’. ಅದನ್ನ ಬೆನ್ನಿಗೆ ಹಾಕ್ಕೊಂಡು ದಿನಾ ಶಾಲಿಗೆ ಹೋಗಬೇಕು. ನಾ ಅದನ್ನ ತಿರುವಿ ಹೊಟ್ಟಿ ಮ್ಯಾಲ ಹಾಕ್ಕೊಂಡು ಹೋಗ್ತಿದ್ದೆ. ನಮ್ಮವ್ವ ಎರಡು ದಿನ ನೋಡಿದ್ಲು, ಏನೂ ಕೇಳಲಿಲ್ಲ. ಮೂರನೇ ದಿನ ರಾತ್ರಿ ಪೆಟಗಿ ತಗದು, ತನ್ನ ಮದವಿ ಕುಬಸದ ಖಣ ಇತ್ತಲ್ಲ, ಅದರಾಗಿಂದು ಒಂದು ತುಂಡು ಕತ್ತರಿಸಿ ಆ ಅಕ್ಷರದ ಮ್ಯಾಲ ಇಟ್ಟು ಹೊಲದ್ಲು. ದಪ್ತರದ ಬಟ್ಟಿ ದಪ್ಪ, ಸೂಜಿ ಇಳೀತಿದ್ದಿಲ್ಲ. ಬಾಗಲದ ಚೌಕಟ್ಟಿಗೆ ಒತ್ತಿ ಒತ್ತಿ ಹೊಲದ್ಲು. ಮರುದಿನ ಎಲ್ಲಾರೂ ‘ಎಲ್ಲಿ ತಗೊಂಡಿಯೋ ಈ ಡಿಸೈನ್’ ಅಂತ ಕೇಳಿದ್ರು.

ಆ ದಪ್ತರ ನಾ ಎಂಟನೇತ್ತ ತನಕಾ ವಾಪರಿಸೀನಿ. ಕೊಟ್ಟವ್ರ ಮ್ಯಾಲ ಸಿಟ್ಟಿಲ್ಲ ನನಗ. ಆದ್ರ ಹೆಸರು ಹಾಕಲಿಕ್ಕೇ ಬೇಕಂದ್ರ ಒಳಗ ಹಾಕ್ರಿ, ಹೊರಗ ಬ್ಯಾಡ.

ಮುಲುಂಡ್, ಸಮಿತಿ ಕಾರ್ಯಕರ್ತೆ

ತಮ್ಮಾ, ನಿಮ್ಮ ಅವ್ವನಿಗೆ ನನ್ನ ನಮಸ್ಕಾರ ತಿಳಿಸಿ. ನಮ್ಮ ಬ್ಯಾಗುಗಳ ಮೇಲೂ ಹೆಸರಿರುತ್ತದೆ. ಈ ವರ್ಷದ ಆರ್ಡರು ಇನ್ನೂ ಪ್ರಿಂಟಿಗೆ ಹೋಗಿಲ್ಲ, ಇವತ್ತೇ ಫೋನ್ ಮಾಡುತ್ತೇನೆ.

ಇನ್ನೊಂದು ನೆನಪಾಯಿತು. ನಮ್ಮ ಕರಪತ್ರಗಳಲ್ಲಿ ‘ದತ್ತು ಸ್ವೀಕಾರ’ ಎಂಬ ಮಾತು ಇರುತ್ತದೆ. ‘25 ವಿದ್ಯಾರ್ಥಿಗಳ ದತ್ತು ಸ್ವೀಕಾರ ಸಮಾರಂಭ.’ ನಾವು ಕೊಡುವುದು ಒಂದು ವರ್ಷದ ಶಾಲಾ ಖರ್ಚು. ತಾಯಿ ಎದುರಿಗೇ ಕೂತಿರುವಾಗ ಅವಳ ಮಗುವನ್ನು ನಾವು ದತ್ತು ತೆಗೆದುಕೊಂಡೆವು ಎಂದು ಮೈಕಿನಲ್ಲಿ ಹೇಳುತ್ತೇವೆ. ಆ ಮಾತನ್ನೂ ಈ ವರ್ಷ ತೆಗೆಸುತ್ತೇನೆ.

ಠಾಣೆ, ಸಿ.ಎ.

ಫೋಟೋ ವಿಚಾರಕ್ಕೆ ನನ್ನ ಎರಡು ಮಾತು. ಲೆಕ್ಕ ತೋರಿಸಲಿಕ್ಕೆ ಮಗುವಿನ ಮುಖ ಬೇಕು ಎನ್ನುವುದು ಎಲ್ಲಿಂದ ಬಂತೋ ಗೊತ್ತಿಲ್ಲ. ದಾನಕ್ಕೆ ಸಿಗುವ ಆದಾಯ ತೆರಿಗೆ ವಿನಾಯಿತಿಗೆ (80ಜಿ ಎನ್ನುತ್ತಾರೆ) ಬೇಕಾದದ್ದು ಸಂಸ್ಥೆಯ ರಸೀದಿ ಮತ್ತು ಪ್ರಮಾಣಪತ್ರ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ವಿನಾಯಿತಿ ಸಿಗುವುದೇ ಇಲ್ಲ, ಆದ್ದರಿಂದ ಚೆಕ್ಕು ಅಥವಾ ಬ್ಯಾಂಕ್ ಮೂಲಕ ಕೊಡಿ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಡಿ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜಕಾರ್ಯಕ್ಕೆ ಕೊಡಬೇಕು. ಅಲ್ಲೂ ಕೇಳುವುದು ಖರ್ಚಿನ ವಿವರ, ಮಗುವಿನ ಫೋಟೋ ಅಲ್ಲ. ಬಿಲ್ಲು, ಸಾಮಾನು ತಲುಪಿತು ಎಂದು ಮುಖ್ಯೋಪಾಧ್ಯಾಯರ ಪತ್ರ, ಎಷ್ಟು ಮಕ್ಕಳು ಎಂಬ ಸಂಖ್ಯೆ. ನಿಜ ಹೇಳಬೇಕೆಂದರೆ ಇದು ಫೋಟೋಗಿಂತ ಗಟ್ಟಿ ಲೆಕ್ಕ. ಒಂದೇ ಫೋಟೋವನ್ನು ಮೂರು ದಾನಿಗಳಿಗೆ ತೋರಿಸಿದ್ದನ್ನು ನಾನು ನೋಡಿದ್ದೇನೆ.

ಪುಣೆ, ನಿವೃತ್ತ

ನನಗೆ ಎಂಬತ್ತು ದಾಟಿದೆ. ಟೈಪ್ ಮಾಡುತ್ತಿರುವುದು ಮೊಮ್ಮಗಳು, ಹೇಳುತ್ತಿರುವುದು ನಾನು.

ನಾನು ಧಾರವಾಡದಲ್ಲಿ ವಾರಾನ್ನ ಉಂಡು ಓದಿದವನು. ಈಗಿನವರಿಗೆ ಆ ಶಬ್ದ ಗೊತ್ತಿದೆಯೋ ಇಲ್ಲವೋ. ಹಳ್ಳಿಯಿಂದ ಓದಲು ಬಂದ ಹುಡುಗ ವಾರದ ಏಳು ದಿನ ಏಳು ಮನೆಯಲ್ಲಿ ಉಣ್ಣುವುದು. ಆ ಮನೆಗಳವರ ಹೆಸರು ಕೆಲವು ಮರೆತಿವೆ, ಸೋಮವಾರದ ಮನೆ, ಬುಧವಾರದ ಮನೆ ಎಂದೇ ನೆನಪು. ಎಲ್ಲರೂ ಹೊಟ್ಟೆ ತುಂಬ ಬಡಿಸಿದರು, ಸುಳ್ಳು ಹೇಳಬಾರದು. ಆದರೆ ಒಂದು ಮನೆಯಲ್ಲಿ ಪಡಸಾಲೆಯಲ್ಲಿ ಎಲೆ ಹಾಕುತ್ತಿದ್ದರು, ಒಳಗೆ ಅವರ ಮಕ್ಕಳು ಉಣ್ಣುವ ಸಪ್ಪಳ ಕೇಳುತ್ತಿತ್ತು. ಇನ್ನೊಂದು ಮನೆಯಲ್ಲಿ ಯಜಮಾನರು ಪ್ರತಿ ವಾರ ತಪ್ಪದೆ ‘ಈ ಸಲ ಎಷ್ಟನೇ ನಂಬರು?’ ಎಂದು ಕೇಳುತ್ತಿದ್ದರು, ತುತ್ತು ಗಂಟಲಲ್ಲಿ ನಿಲ್ಲುತ್ತಿತ್ತು. ಗುರುವಾರದ ಮನೆಯ ತಾಯಿ ಮಾತ್ರ ನಾನು ತಡವಾಗಿ ಹೋದರೆ ಬೈಯುತ್ತಿದ್ದರು. ‘ಎಲ್ಲಿ ಸತ್ತಿದ್ಯೋ, ಅನ್ನ ಆರಿ ಕಲ್ಲಾಯ್ತು’ ಎಂದು. ಅವರ ಮಗನಿಗೂ ಅದೇ ಬೈಗುಳ, ನನಗೂ ಅದೇ. ಉಳಿದ ಆರು ಮನೆಯವರು ನನ್ನನ್ನು ಎಂದೂ ಬೈಯಲಿಲ್ಲ. ನಾನು ಗುರುವಾರಕ್ಕಾಗಿ ಕಾಯುತ್ತಿದ್ದೆ.

ವಾರಾನ್ನದ ಇನ್ನೊಂದು ಮುಖವನ್ನೂ ಹೇಳಬೇಕು. ಅದು ಜಾತಿ ನೋಡಿ ಹಾಕುತ್ತಿದ್ದ ಅನ್ನ. ನನ್ನ ತರಗತಿಯಲ್ಲೇ ನನಗಿಂತ ಬಡವರಾದ ಹುಡುಗರಿದ್ದರು, ಅವರಿಗೆ ಆ ಬಾಗಿಲು ತೆರೆಯಲಿಲ್ಲ. ಇಲ್ಲಿ ಮಹಾರಾಷ್ಟ್ರಕ್ಕೆ ಬಂದ ಮೇಲೆ ಕರ್ಮವೀರ ಭಾವುರಾವ್ ಪಾಟೀಲರ ಬಗ್ಗೆ ತಿಳಿದುಕೊಂಡೆ. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿದವರು. ಸಾತಾರೆಯ ಅವರ ಬೋರ್ಡಿಂಗಿನಲ್ಲಿ ಎಲ್ಲ ಜಾತಿಯ ಹುಡುಗರು ಒಂದೇ ಪಂಕ್ತಿಯಲ್ಲಿ ಉಂಡರು. ಹುಡುಗರು ತಾವೇ ದುಡಿದು ಕಲಿಯುವ ಪದ್ಧತಿ, ‘ಕಮವಾ ಆಣಿ ಶಿಕಾ’. ಅವರ ಪತ್ನಿ ಲಕ್ಷ್ಮೀಬಾಯಿ ಆ ಹುಡುಗರ ಊಟಕ್ಕಾಗಿ ಮೈಮೇಲಿನ ಬಂಗಾರ ಮಾರಿದರು. ನಿಮ್ಮ ಸಮಿತಿಯವರು ಒಮ್ಮೆ ಸಾತಾರೆಗೆ ಹೋಗಿ ಬನ್ನಿ.

ವಾಸ್ಕೋ, ಗೋವಾ

ನಮ್ಮಲ್ಲಿಯ ಅನುಭವ ಸ್ವಲ್ಪ ಬೇರೆ. ವಾಸ್ಕೋ ಸುತ್ತಮುತ್ತ ಉತ್ತರ ಕರ್ನಾಟಕದಿಂದ ದುಡಿಯಲು ಬಂದವರು ಬಹಳ. ನಾವು ಕೆಲವರು ಸೇರಿ ಒಂದು ವರ್ಷ ಬ್ಯಾಗು ಕೊಡೋಣ ಎಂದು ಹೊರಟಾಗ, ಒಬ್ಬ ಶಿಕ್ಷಕಿ ‘ಮೊದಲು ತಾಯಂದಿರನ್ನು ಕೇಳಿ’ ಎಂದರು. ಸಂಜೆ ನೀರು ಬರುವ ಹೊತ್ತಿಗೆ ನಳದ ಹತ್ತಿರ ಹೋಗಿ ಕೇಳಿದೆವು. ಒಬ್ಬರೂ ಬ್ಯಾಗಿನ ಹೆಸರು ಎತ್ತಲಿಲ್ಲ. ‘ಊರಿನ ಶಾಲೆಯಿಂದ ದಾಖಲೆ ಬಂದಿಲ್ಲ, ಇಲ್ಲಿ ಹೆಸರು ಹಚ್ಚಿಕೊಳ್ಳುತ್ತಿಲ್ಲ’ ಎಂದರು ನಾಲ್ಕು ಜನ. ‘ಹುಟ್ಟಿದ ತಾರೀಖಿನ ಕಾಗದ ಇಲ್ಲ’ ಎಂದರು ಇನ್ನಿಬ್ಬರು.

ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದಕ್ಕೆ ಉತ್ತರ ಇದೆ. ವರ್ಗಾವಣೆ ಪತ್ರ ತಡವಾಯಿತು ಎಂದು ಪ್ರವೇಶ ತಡೆಯುವಂತಿಲ್ಲ, 5ನೇ ಕಲಮು. ವಯಸ್ಸಿನ ದಾಖಲೆ ಇಲ್ಲ ಎಂದು ನಿರಾಕರಿಸುವಂತಿಲ್ಲ, 14ನೇ ಕಲಮು. ಇವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ರಜೆ ಹಾಕಿ, ಆ ತಾಯಂದಿರ ಜೊತೆ ಶಾಲೆಗೆ ಹೋದೆವು. ಆ ವರ್ಷ ನಮ್ಮ ಖರ್ಚು ಜೆರಾಕ್ಸು ಮತ್ತು ರಿಕ್ಷಾ. ಆರೂ ಮಕ್ಕಳು ಸೇರಿದರು. ಬ್ಯಾಗಿನ ಹಣ ಹಾಗೇ ಉಳಿಯಿತು.

ಅಲ್ಲಿಂದೀಚೆಗೆ ನಾವು ಕೇಳದೆ ಏನೂ ಕೊಳ್ಳುವುದಿಲ್ಲ.

ವಡಾಲಾ, ಹೈಸ್ಕೂಲ್ ಟೀಚರ್

ವಾಸ್ಕೋದವರು ಹೇಳಿದ್ದು ಬಂಗಾರದಂಥ ಮಾತು. ಕಾಯ್ದೆಯ ಮಾತು ಬಂದದ್ದರಿಂದ ಇನ್ನೊಂದು. ಖಾಸಗಿ ಶಾಲೆಗಳಲ್ಲಿ ಅದೇ ಕಾಯ್ದೆಯಡಿ ಬಡ, ಹಿಂದುಳಿದ ಮಕ್ಕಳಿಗೆಂದು ಇರುವ ಶೇ. 25ರ ಮೀಸಲಿನಲ್ಲಿ ಸೇರಿದವರನ್ನು ಬೇರೆ ಕೂರಿಸುವಂತಿಲ್ಲ, ಅವರಿಗೆ ಬೇರೆ ಸಮಯದಲ್ಲಿ ತರಗತಿ ನಡೆಸುವಂತಿಲ್ಲ ಎಂದು ಕೇಂದ್ರದ ಮಾದರಿ ನಿಯಮಗಳಲ್ಲೇ ಇದೆ. ಹಾಗಿರುವಾಗ ನಾವು ಹೊರಗಿನಿಂದ ಹೋದವರು ಪ್ರಾರ್ಥನೆಯ ಹೊತ್ತಿನಲ್ಲಿ ‘ಆರ್‌ಟಿಇ ಮಕ್ಕಳು ಮುಂದೆ ಬನ್ನಿ’ ಎಂದು ಕರೆದು ಕಿಟ್ ಕೊಟ್ಟರೆ ಆ ನಿಯಮಕ್ಕೆ ಅರ್ಥ ಎಲ್ಲಿ ಉಳಿಯಿತು? ನಮ್ಮ ಮಧ್ಯಾಹ್ನದ ಊಟ ನೋಡಿ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಸರ್ಕಾರಿ, ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬಿಸಿಯೂಟ ಕೊಡಿ ಎಂದಾಗ, ಬಡ ಮಕ್ಕಳಿಗೆ ಮಾತ್ರ ಎನ್ನಲಿಲ್ಲ, ಪ್ರತಿ ಮಗುವಿಗೆ ಎಂದಿತು. ಖಿಚಡಿಯ ಸಾಲಿನಲ್ಲಿ ಕೂತ ಮಗುವನ್ನು ನೋಡಿ ಯಾರ ಮನೆಯಲ್ಲಿ ಏನಿದೆ ಎಂದು ಹೇಳಲು ಬರುವುದಿಲ್ಲ.

ಕನ್ನಡಕದ ವಿಷಯದಲ್ಲಿ ನಾವು ಇದನ್ನೇ ಅನುಸರಿಸಿದೆವು. ಶಾಲೆಗೆ ಆರೋಗ್ಯ ತಪಾಸಣೆಯ ತಂಡ ಬರುತ್ತದೆ. ಈ ರಾಷ್ಟ್ರೀಯ ಕಾರ್ಯಕ್ರಮ 2013ರಲ್ಲಿ ಶುರುವಾದದ್ದೇ ನಮ್ಮ ಪಾಲ್ಘರ್‌ನಲ್ಲಿ. ಎಲ್ಲ ಮಕ್ಕಳ ಕಣ್ಣೂ ನೋಡುತ್ತಾರೆ. ಕನ್ನಡಕ ಬೇಕು ಎಂದು ಬಂದ ಮಕ್ಕಳ ತಂದೆತಾಯಿಗೆ ನಾನು ಬೇರೆ ಬೇರೆಯಾಗಿ ಫೋನ್ ಮಾಡಿ, ‘ಶಾಲೆಯ ಪರಿಚಯದ ಅಂಗಡಿ ಇದೆ, ಹಣ ಈಗಲೇ ಬೇಕಿಲ್ಲ, ಮಗುವನ್ನು ಕರೆದುಕೊಂಡು ಹೋಗಿ’ ಎನ್ನುತ್ತೇನೆ. ಹಣ ಕಟ್ಟುವವರು ಕಟ್ಟುತ್ತಾರೆ, ಆಗದವರದು ನಿಧಿಯಿಂದ ಹೋಗುತ್ತದೆ. ಅಂಗಡಿಯವನಿಗೂ ಯಾರದು ಯಾವುದು ಎಂದು ಗೊತ್ತಿಲ್ಲ. ಒಂದು ಸಲ ನಾನೇ ಒಬ್ಬ ಹುಡುಗನ ಜೊತೆ ಹೋಗಿದ್ದೆ. ಮೊದಲು ಅಗ್ಗದ ಕಂದು ಫ್ರೇಮ್ ಕೈಗೆತ್ತಿಕೊಂಡ, ನನ್ನ ಮುಖ ನೋಡಿದ. ‘ನಿನಗೆ ಯಾವುದು ಇಷ್ಟ?’ ಎಂದೆ. ಕಂದು ಫ್ರೇಮ್ ಕೆಳಗಿಟ್ಟ. ಗಾಜಿನ ಕಪಾಟಿನ ಮೇಲಿನ ಸಾಲಿನಲ್ಲಿ ಒಂದು ಕೆಂಪು ಫ್ರೇಮ್ ಇತ್ತು, ಕಡ್ಡಿಯ ಒಳಬದಿ ಕಪ್ಪು. ಹಾಕಿಕೊಂಡು ಕನ್ನಡಿ ಹತ್ತಿರ ಹೋದ, ದೂರ ಬಂದ, ಮತ್ತೆ ಹತ್ತಿರ ಹೋದ. ಅರ್ಧ ಗಂಟೆ ಹಿಡಿಯಿತು. ಎರಡೂ ಫ್ರೇಮಿನ ಬೆಲೆಯಲ್ಲಿ ವ್ಯತ್ಯಾಸ 150 ರೂಪಾಯಿ. ಆ ಅರ್ಧ ಗಂಟೆ ಕೊಡುವುದನ್ನು ನಾವು ಬಿಡಬಾರದು.

ಮತ್ತೊಂದು ಎಚ್ಚರಿಕೆ. ಕೆಲವೊಮ್ಮೆ ಪೆನ್ನು ಕೇಳುವ ನೆಪದಲ್ಲಿ ಮಗು ಬೇರೇನೋ ಹೇಳಲು ಬಂದಿರುತ್ತದೆ. ಮೈಮೇಲೆ ಗಾಯ, ದಿನವೂ ಮನೆಗೆ ಹೋಗಲು ಹೆದರಿಕೆ, ಕೆಲಸಕ್ಕೆ ಹಚ್ಚಿರುವುದು. ಅದು ಸಮಿತಿ ಕೂತು ಚರ್ಚಿಸುವ ವಿಷಯ ಅಲ್ಲ, ವಾಟ್ಸಾಪ್ ಗ್ರೂಪಿನಲ್ಲಿ ಹಾಕುವ ವಿಷಯ ಮೊದಲೇ ಅಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಆ ಸಹಾಯವಾಣಿ ಹುಟ್ಟಿದ್ದು ನಮ್ಮ ಮುಂಬಯಿಯಲ್ಲೇ, 1996ರಲ್ಲಿ.

ಫೋರ್ಟ್, ಹೋಟೆಲ್ ನಡೆಸುವವ

ಎರಡು ದಿನದಿಂದ ಓದುತ್ತಾ ಇದ್ದೇನೆ. ಧಾರಾವಿಯ ತಮ್ಮ ಹೇಳಿದ ಅಂಕದ ಮಾತು ಸರಿ, ಒಪ್ಪಿದೆ. ಪುಣೆಯ ಹಿರಿಯರು ಹೇಳಿದ್ದು ಓದಿ ನನ್ನ ಮೊದಲ ಧಣಿಯ ನೆನಪಾಯಿತು. ಸಂಜೆ ಗಿರಾಕಿ ಎಷ್ಟೇ ಇರಲಿ, ಆರು ಹೊಡೆದ ಕೂಡಲೇ ‘ಏಯ್, ಶಾಲೆಗೆ ಹೊತ್ತಾಯಿತು, ಬಟ್ಟೆ ಬದಲಿಸು’ ಎಂದು ಗದರಿಸುತ್ತಿದ್ದರು. ಅವರು ಟೇಬಲಿಗೆ ತಾವೇ ನಿಂತು ಸಪ್ಲೈ ಮಾಡುತ್ತಿದ್ದರು. ಅದನ್ನು ಯಾರೂ ಧರ್ಮ ಅನ್ನಲಿಲ್ಲ, ಫೋಟೋವೂ ಇಲ್ಲ. ನನ್ನ ಗಲ್ಲಾದ ಹಿಂದೆ ವೇದಿಕೆಯ ಫೋಟೋ ಇದೆ, ಅವರದು ಇಲ್ಲ. ಇದು ನನಗೆ ಈಗ ಹೊಳೆಯಿತು.

ಆದರೂ ಮಕ್ಕಳನ್ನು ಒಮ್ಮೆಯಾದರೂ ನೋಡಬೇಕು ಅನ್ನುವ ಆಸೆ ಬಿಡಲು ನನಗೆ ಆಗುವುದಿಲ್ಲ. ಅದಕ್ಕೊಂದು ದಾರಿ ಹೇಳಿ ಟೀಚರ್.

ವಡಾಲಾ, ಹೈಸ್ಕೂಲ್ ಟೀಚರ್

ಧಾರಾಳವಾಗಿ ಬನ್ನಿ ಅಣ್ಣ. ನೀವು ಕೊಟ್ಟಿದ್ದೀರಿ ಎಂದು ಹೇಳದೆ ಬನ್ನಿ. ಹತ್ತನೆಯವರಿಗೆ ಲೆಕ್ಕ ಬರೆಯುವುದು, ಹೋಟೆಲು ಹೇಗೆ ನಡೆಯುತ್ತದೆ, ಬ್ಯಾಂಕ್ ಸಾಲ ಹೇಗೆ ಸಿಗುತ್ತದೆ ಎಂದು ಒಂದು ಪಿರಿಯಡ್ ಮಾತಾಡಿ. ರಾತ್ರಿಶಾಲೆಯ ಕಥೆ ಹೇಳಿ. ಇಡೀ ತರಗತಿ ಇರುತ್ತದೆ, ನಿಮ್ಮ ಹಣದಿಂದ ಪರೀಕ್ಷೆ ಶುಲ್ಕ ಕಟ್ಟಿದ ಮಕ್ಕಳೂ ಅದರಲ್ಲಿ ಇರುತ್ತಾರೆ. ಯಾರೆಂದು ನನ್ನನ್ನು ಕೇಳಬಾರದು.

ಫೋರ್ಟ್, ಹೋಟೆಲ್ ನಡೆಸುವವ

ಕೇಳುವುದಿಲ್ಲ. ಸೋಮವಾರ ನನಗೆ ರಜೆ, ಸೋಮವಾರವೇ ಇಟ್ಟುಕೊಳ್ಳಿ.

ಮುಲುಂಡ್, ಸಮಿತಿ ಕಾರ್ಯಕರ್ತೆ

ನಿನ್ನೆ ಸಮಿತಿ ಸಭೆ ಆಯಿತು. ಪೂರ್ತಿ ಒಪ್ಪಿಗೆ ಸಿಗಲಿಲ್ಲ. ಅರ್ಧ ಹಣ ಹಳೆಯ ರೀತಿ ಸಮಾರಂಭಕ್ಕೇ ಹೋಗುತ್ತದೆ, ಆದರೆ ವೇದಿಕೆಗೆ ಕರೆಯುವುದು ಅಂಕ, ಆಟ, ಚಿತ್ರಕಲೆಯ ಬಹುಮಾನಕ್ಕೆ ಮಾತ್ರ. ಬ್ಯಾಗಿನ ಮೇಲಿನ ಹೆಸರು ಹೋಯಿತು, ಪಟ್ಟಿಯ ಷರಾ ಕಾಲಂ ಹೋಯಿತು. ‘ದತ್ತು’ ಶಬ್ದಕ್ಕೆ ಮಾತ್ರ ಇಬ್ಬರು ಹಟ ಹಿಡಿದಿದ್ದಾರೆ, ಮುಂದಿನ ಸಭೆಯಲ್ಲಿ ಮತ್ತೆ ಎತ್ತುತ್ತೇನೆ. ಉಳಿದ ಅರ್ಧ ಹಣ ಎರಡು ಹೈಸ್ಕೂಲುಗಳ ಒಂಬತ್ತು, ಹತ್ತನೇ ತರಗತಿಗೆ. ಏನು ಬೇಕು ಎನ್ನುವುದನ್ನು ಪಾಲಕರ ಸಭೆಯಲ್ಲಿ ಕೇಳಿಯೇ ನಿರ್ಧಾರ.

ಆ ಹುಡುಗಿ ಈಗ ಎಂಟನೇ ತರಗತಿ. ಹೋದ ವಾರ ಅವಳ ತಾಯಿಯನ್ನು ಭೇಟಿಯಾಗಿ, ಆವತ್ತು ಮೈಕಿನಲ್ಲಿ ಓದಿದ್ದಕ್ಕೆ ಕ್ಷಮೆ ಕೇಳಿದೆ. ಆಕೆ ಚಹಾ ಮಾಡಿ ಕೊಟ್ಟರು. ಹುಡುಗಿ ಒಳಗೇ ಇದ್ದಳು, ಹೊರಗೆ ಬರಲಿಲ್ಲ. ನಾನೂ ಕರೆಯಲಿಲ್ಲ.

ಕಪಾಟು ನಮ್ಮ ಕಡೆಯ ಒಂದು ಶಾಲೆಯಲ್ಲೂ ಇಡಲು ಹೆಡ್‌ಮಾಸ್ಟರ್ ಒಪ್ಪಿದ್ದಾರೆ. ಹಳೆಯ ಕಬ್ಬಿಣದ್ದು ಯಾರ ಹತ್ತಿರವಾದರೂ ಇದ್ದರೆ ತಿಳಿಸಿ.

ಧಾರಾವಿ, ಈಗ ಠಾಣೆ

ಅಕ್ಕಾರ, ನನ್ನ ಹತ್ರ ಒಂದು ಅದ, ಆಫೀಸಿಂದು. ನಾಕು ಅಡಿ ಎತ್ತರ. ಒಂದು ಬಾಗಲ ಸಡಲ ಆಗ್ಯದ, ಬೀಗ ಬೀಳಂಗಿಲ್ಲ. ರವಿವಾರ ಟೆಂಪೋದಾಗ ಹಾಕಿ ಕಳಸ್ತೀನಿ, ಇಳಿಸಲಿಕ್ಕೆ ಇಬ್ಬರನ್ನ ಇಟ್ಟಿರ್ರಿ.